ಗ್ವಾದಲಹಾರಕ್ಕೆ ಬಂದಿಳಿದ ಕನ್ನಡಿಗರಿಗೆ: ಇಲ್ಲಿನ ಮನೆಮಂದಿಯ ಜೊತೆ ಒಡನಾಟ

ಐಟಿ ಕೆಲಸಕ್ಕೆಂದು ಮೆಕ್ಸಿಕೋದ ಗ್ವಾದಲಹಾರಕ್ಕೆ ಬರುವ ನಮ್ಮವರು ಮೊದಲು ಕೇಳುವುದು ಬಾಡಿಗೆ ಮನೆ, ತೊಗರಿಬೇಳೆ. ಅದೆಲ್ಲ ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ. ಇಲ್ಲಿನ ಕುಟುಂಬಗಳ ರೀತಿ ರಿವಾಜು ಮಾತ್ರ ಯಾರಾದರೂ ಹೇಳಬೇಕು.

ಹೆಸರಿನಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ಎಲ್ಲರಿಗೂ ಎರಡು ಅಡ್ಡಹೆಸರು. ಮೊದಲು ಅಪ್ಪನ ಕಡೆಯದು, ಆಮೇಲೆ ಅಮ್ಮನ ಕಡೆಯದು. ಗಾರ್ಸಿಯಾ ಲೋಪೆಸ್ ಎಂಬುವನು ಎರ್ನಾಂದೆಸ್ ರುಯಿಸ್ ಎಂಬುವಳನ್ನು ಮದುವೆಯಾದರೆ ಮಕ್ಕಳು ಗಾರ್ಸಿಯಾ ಎರ್ನಾಂದೆಸ್. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. ಫಾರ್ಮುಗಳಲ್ಲೂ ಎರಡು ಖಾನೆ ಇರುತ್ತವೆ. ಇನಿಷಿಯಲ್ ಹೊತ್ತು ಬಂದ ನಮ್ಮ ಹೆಸರು ನೋಡಿ ಕೌಂಟರಿನವರು ತಲೆ ಕೆರೆದುಕೊಳ್ಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಸಿ. ಖಾನೆ ತುಂಬಲಿ ಅಂತ ಸುಮ್ನೆ ಅಮ್ಮನ ಹೆಸರು ಸೇರಿಸಬೇಡಿ.

ಭಾನುವಾರ ಮಧ್ಯಾಹ್ನ ಹೆಚ್ಚಿನವರು ಅಜ್ಜಿ ಮನೆಯಲ್ಲಿ ಸೇರುತ್ತಾರೆ. ದಿನದ ದೊಡ್ಡ ಊಟ ಸುಮಾರು 2ರಿಂದ 4ರ ನಡುವೆ. ನಿಮ್ಮನ್ನೂ ಕರೆದರೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ತಟ್ಟೆ ಖಾಲಿಯಾದ ಮೇಲೂ ಯಾರೂ ಏಳುವುದಿಲ್ಲ. ಕಾಫಿ ಬರುತ್ತದೆ, ಹರಟೆ ಸಂಜೆವರೆಗೂ ನಡೆಯುತ್ತದೆ. ಕೈ ತೊಳೆದು ಹೊರಟುಬಿಟ್ಟರೆ ಏನೋ ಬೇಜಾರಾಯಿತು ಅಂದುಕೊಳ್ಳುತ್ತಾರೆ. ಬಂದಾಗ ಎಲ್ಲರಿಗೂ ಒಟ್ಟಿಗೆ ಒಂದು ನಮಸ್ಕಾರ ಹಾಕಿದರೆ ಸಾಲದು. ಅಜ್ಜಿಯಿಂದ ಹಿಡಿದು ಚಿಕ್ಕ ಮಕ್ಕಳವರೆಗೆ ಒಬ್ಬೊಬ್ಬರನ್ನೂ ಮಾತಾಡಿಸಬೇಕು, ಹೊರಡುವಾಗಲೂ ಅಷ್ಟೇ. ಹೆಂಗಸರ ಜೊತೆ ಕೆನ್ನೆಗೆ ಕೆನ್ನೆ ತಾಗಿಸುವುದು ರೂಢಿ. ಮುಜುಗರ ಆದರೆ ನೀವೇ ಮೊದಲು ಕೈ ಚಾಚಿ, ಯಾರೂ ತಪ್ಪು ತಿಳಿಯುವುದಿಲ್ಲ.

ಸಸ್ಯಾಹಾರಿಗಳೇ, 'ಮಾಂಸ ಇಲ್ಲ' ಅಂದರೂ ನಂಬಿ ಕೂರಬೇಡಿ. ಅರೆದು ಹುರಿದ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುವವರು ಬಹಳ, ಅನ್ನ ಕೋಳಿ ಸಾರಿನಲ್ಲಿ ಬೆಂದಿರಬಹುದು. ಹಿಂದಿನ ದಿನವೇ ಬಿಡಿಸಿ ಹೇಳಿ. ಎಲ್ಲರಿಗೂ ಬಡಿಸಿದ ಮೇಲೆ ಹೇಳಿದರೆ ಅಜ್ಜಿ ಮತ್ತೆ ಒಲೆ ಹಚ್ಚುತ್ತಾರೆ, ನಿಮಗೇ ಸಂಕೋಚ.

ಪಾದ್ರಿನೋ, ಅಂದರೆ ಧರ್ಮ ತಂದೆ, ಈ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಮಗುವಿನ ದೀಕ್ಷಾಸ್ನಾನದಲ್ಲಿ ಧರ್ಮ ತಂದೆ ತಾಯಿ ಆದವರು ಮಗುವಿನ ಹೆತ್ತವರಿಗೆ ಕೊಂಪಾದ್ರೆ, ಕೊಮಾದ್ರೆ ಆಗುತ್ತಾರೆ. ಇದು ಬಾಯಿಮಾತಿನ ನೆಂಟಸ್ತಿಕೆ ಅಲ್ಲ. ಕಷ್ಟ ಬಂದಾಗ ಮೊದಲು ಫೋನ್ ಹೋಗುವುದು ಅವರಿಗೇ. ಕ್ಯಾಥೊಲಿಕ್ ನಿಯಮದ ಪ್ರಕಾರ ಆ ಜಾಗ ಕ್ಯಾಥೊಲಿಕರಿಗೇ ಮೀಸಲು, ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಆ ಕರೆ ಬರುವುದಿಲ್ಲ. ಬರುವುದು ಹುಡುಗಿಗೆ 15 ತುಂಬಿದಾಗ. ಚರ್ಚಿನಲ್ಲಿ ಪೂಜೆ, ಆಮೇಲೆ ದೊಡ್ಡ ಗೌನು, ಅಪ್ಪನ ಜೊತೆ ವಾಲ್ಟ್ಜ್ ನೃತ್ಯ. ಎಷ್ಟೋ ಕಡೆ ಅಪ್ಪನೇ ಮಂಡಿಯೂರಿ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹೈ ಹೀಲ್ಸ್ ತೊಡಿಸುತ್ತಾನೆ. ಇಷ್ಟಕ್ಕೆಲ್ಲ ಒಬ್ಬರ ಜೇಬು ಸಾಲದು, ಅಲ್ವಾ? ಅದಕ್ಕೇ ಕೇಕಿಗೊಬ್ಬ ಪಾದ್ರಿನೋ, ಸಂಗೀತಕ್ಕೊಬ್ಬ, ಉಡುಪಿಗೊಬ್ಬ. ನಮ್ಮ ಮುಯ್ಯಿ ನೆನಪಾಗದೇ ಇರದು, ಆದರೆ ಇಲ್ಲಿ ಬಾಯಿಬಿಟ್ಟು ಕೇಳುತ್ತಾರೆ. ಪಕ್ಕದ ಮನೆಯವರು 'ಕೇಕಿನ ಪಾದ್ರಿನೋ ಆಗ್ತೀರಾ' ಎಂದರೆ ಖರ್ಚು ನಿಮ್ಮದು ಅಂತಲೇ ಅರ್ಥ. ಎಷ್ಟು ಜನ ಬರುತ್ತಾರೆ ಅಂತ ಕೇಳಿಕೊಂಡು ಒಪ್ಪಿ. ಜಾಸ್ತಿ ಅನಿಸಿದರೆ ಚಿಕ್ಕದೊಂದನ್ನು ವಹಿಸಿಕೊಳ್ಳಿ. ನನ್ನ ಕೇಳಿದರೆ ಒಮ್ಮೆಯಾದರೂ ಒಪ್ಪಬೇಕು. ಆಮೇಲೆ ಆ ಮನೆಯಲ್ಲಿ ನಿಮ್ಮನ್ನು ಅತಿಥಿ ಅಂತ ಯಾರೂ ನೋಡುವುದಿಲ್ಲ.

ಆಫೀಸಿನ ಕ್ಯಾಲೆಂಡರಿನಲ್ಲೂ ಕುಟುಂಬವೇ ಮುಂದೆ. ಇಲ್ಲಿ ಅಮ್ಮಂದಿರ ದಿನ ಯಾವ ವಾರ ಬಂದರೂ ಮೇ 10ಕ್ಕೇ. 1922ರಲ್ಲಿ ಎಕ್ಸೆಲ್ಸಿಯೋರ್ ಪತ್ರಿಕೆ ಶುರುಮಾಡಿದ ಆಚರಣೆ ಇದು. ಆ ಮಧ್ಯಾಹ್ನ ಮೀಟಿಂಗ್ ಇಡಬೇಡಿ, ಹೋಟೆಲಿನಲ್ಲಿ ಟೇಬಲ್ಲೂ ಸಿಗದು. ನವೆಂಬರ್ 1 ಮತ್ತು 2ರಂದು ತೀರಿಕೊಂಡವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ, ಚೆಂಡು ಹೂವು ಜೋಡಿಸುತ್ತಾರೆ. ಪಿತೃಪಕ್ಷದಲ್ಲಿ ಎಡೆ ಇಡುವ ನಮಗೆ ವಿವರಿಸಬೇಕಿಲ್ಲ. ಇಲ್ಲಿ ಮಾತ್ರ ನಗು, ಹಾಡು ಎಲ್ಲ ಇರುತ್ತದೆ. ಫೋಟೋ ತೆಗೆಯುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ.

ಜನವರಿ 6ಕ್ಕೆ ಆಫೀಸಿನಲ್ಲಿ ಉಂಗುರದಂಥ ಸಿಹಿ ಬ್ರೆಡ್ ಕತ್ತರಿಸುತ್ತಾರೆ. ಮೊಟ್ಟೆ ತಿನ್ನದವರು ಮೊದಲೇ ಹೇಳಿಬಿಡಿ. ಒಳಗೆ ಪುಟ್ಟ ಬೊಂಬೆ ಅಡಗಿರುತ್ತದೆ, ಜೋಪಾನವಾಗಿ ಕಚ್ಚಿ. ಅದು ನಿಮ್ಮ ಚೂರಿನಲ್ಲಿ ಬಂದರೆ ಫೆಬ್ರವರಿ 2ಕ್ಕೆ ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಿಂಡಿ) ತರಿಸುವ ಸರದಿ ನಿಮ್ಮದು. ಆರ್ಡರ್ ಕೊಡುವಾಗ ಮೆಣಸಿನಕಾಯಿ ಚೀಸ್ ಹಾಕಿದ್ದು ಕೇಳಿ, ಹಿಟ್ಟಿಗೆ ಹಂದಿ ಕೊಬ್ಬು ಬೇಡ ಅಂತಲೂ ಹೇಳಿ.