ಮಳೆಗಾಲದಲ್ಲಿ ಮನೆಯೊಳಗೆ ಮೆಣಸಿನ ಸಸಿ: ಬುಡ ಕೊಳೆಯುವುದು ನಿಂತದ್ದು ಹೀಗೆ

ಮಲೆನಾಡಿನ ಸಾಗರ ಊರಿನ ಜುಲೈ ಮಳೆ. ಮನೆಯೊಳಗೆ ಕುಂಡದಲ್ಲಿ ಹಾಕಿದ ಮೆಣಸಿನಕಾಯಿ ಬೀಜ ಚೆನ್ನಾಗೇ ಮೊಳೆಯುತ್ತಿತ್ತು. ಎರಡೆಲೆ ಬರುವಷ್ಟರಲ್ಲಿ ಮಣ್ಣಿಗೆ ತಾಗುವ ಕಡೆ ಕಾಂಡ ಕಂದಾಗಿ, ದಾರದಷ್ಟು ಸಣ್ಣಗಾಗಿ, ಸಸಿ ಅಡ್ಡ ಬೀಳುತ್ತಿತ್ತು. ಬೇವಿನೆಣ್ಣೆ, ಬೂದಿ, ಬೇರೆ ಬೀಜ, ಯಾವುದರಿಂದಲೂ ಆಗಲಿಲ್ಲ. ರೋಗ ಇರೋದು ಮಣ್ಣಲ್ಲಿ, ಸುಮ್ನೆ ಎಲೆಗೆ ಹೊಡೆದು ಏನು ಪ್ರಯೋಜನ ಅಲ್ವಾ?

ಕೊನೆಗೆ ಕೈ ಹಿಡಿದದ್ದು ಇದು. ಬೀಜ ಹಾಕುವ ಕುಂಡಕ್ಕೆ ಕೊಟ್ಟಿಗೆ ಗೊಬ್ಬರ ಬೇಡ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ತೊಳೆದ ಮರಳು, ಸ್ವಲ್ಪ ಟ್ರೈಕೋಡರ್ಮಾ (ಮಣ್ಣಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ). ನೀರು ಮೇಲಿಂದ ಹಾಕಬೇಡಿ. ಕೆಳಗಿನ ತಟ್ಟೆಗೆ ಸುರಿದು, 20 ನಿಮಿಷ ಬಿಟ್ಟು, ಉಳಿದದ್ದು ಚೆಲ್ಲಿ. ಮೇಲ್ಮಣ್ಣು ಒಣಗಿ ಬಣ್ಣ ತಿಳಿಯಾಗುವ ತನಕ ಮತ್ತೆ ನೀರಿಲ್ಲ. ಮೊಳಕೆ ಕಂಡ ದಿನದಿಂದಲೇ ಬಿಳಿ ಎಲ್‌ಇಡಿ, 15 ಸೆಂ.ಮೀ. ಎತ್ತರದಲ್ಲಿ, ದಿನಕ್ಕೆ 14 ಗಂಟೆ. ಫ್ಯಾನು ಕಡಿಮೆ ಸ್ಪೀಡಲ್ಲಿ, ಗೋಡೆ ಕಡೆ ತಿರುಗಿಸಿ. ನಾಲ್ಕೈದು ಎಲೆ ಬಂದ ಮೇಲೆ ಗೊಬ್ಬರದ ಮಣ್ಣಿಗೆ ನೆಡಿ.