ನಾಚಿಕೆ ಬಿಟ್ಟು ಕೇಳೋ ಪ್ರಾರ್ಥನೆ, ಶುರು ಮಾಡೋದು ಹೇಗೆ

"ಕರ್ತನೇ ಎಲ್ಲರನ್ನೂ ಆಶೀರ್ವದಿಸು, ಮನೆಯವರನ್ನ ಕಾಪಾಡು, ನಿನ್ನ ಚಿತ್ತ ಇದ್ದಂಗೆ ಆಗ್ಲಿ, ಆಮೆನ್." ಎಷ್ಟೋ ವರ್ಷ ನಾನು ಹಿಂಗೇ ಮುಗಿಸ್ತಿದ್ದೆ, ಒಂದು ನಿಮಿಷಾನೂ ಹಿಡೀತಿರ್ಲಿಲ್ಲ. ಹಿಂಗೆ ಮೊಗಮ್ಮಾಗಿ ಕೇಳೋದ್ರಲ್ಲಿ ಒಂದು ಅನುಕೂಲ ಇದೆ ನೋಡಿ, ಉತ್ತರ ಬಂತೋ ಇಲ್ವೋ ಗೊತ್ತೇ ಆಗಲ್ಲ, ಹಂಗಾಗಿ ನಿರಾಶೆನೂ ಆಗಲ್ಲ. ಇದನ್ನ ನಾನು ಭಕ್ತಿ ಅಂದ್ಕೊಂಡಿದ್ದೆ, ನಿಜವಾಗ್ಲೂ ಅದು ಹೆದರಿಕೆ.

ಬೈಬಲ್‌ನಲ್ಲಿ ಲೂಕ 11 ತೆಗೆದು ಓದಿ, ಯೇಸು ಹೇಳಿದ ಕಥೆ ಅದು. ಮಧ್ಯರಾತ್ರಿ ಒಬ್ಬ ಫ್ರೆಂಡ್ ಮನೆ ಬಾಗಿಲಿಗೆ ಹೋಗಿ ಮೂರು ರೊಟ್ಟಿ ಸಾಲ ಕೇಳ್ತಾನೆ, ಒಳಗಿನವನು ಬಾಗಿಲು ಹಾಕಿ ಆಯ್ತು ಮಕ್ಕಳು ಮಲಗಿದಾವೆ ತೊಂದರೆ ಕೊಡ್ಬೇಡ ಅಂತಾನೆ, ಆದ್ರೂ ಕೊನೆಗೆ ಎದ್ದು ಕೊಡ್ತಾನೆ. ಯಾಕೆ ಕೊಟ್ಟ ಅನ್ನೋದಕ್ಕೆ ಗ್ರೀಕ್ ಮೂಲದಲ್ಲಿರೋ ಪದಕ್ಕೆ ನೇರ ಅರ್ಥ ನಾಚಿಕೆಗೇಡಿತನ. ಗಮನಿಸಿ, ಕೇಳೋಕೆ ಬಂದವನು "ಏನಾದ್ರೂ ಕೊಡಪ್ಪ" ಅನ್ನಲ್ಲ, ಮೂರು ಅಂತ ಲೆಕ್ಕ ಹೇಳ್ತಾನೆ.

ಹಂಗಾಗಿ ಮೊದ್ಲು ಒಂದೇ ಒಂದು ವಿಷಯ ಆರಿಸ್ಕೊಳ್ಳಿ, ಹತ್ತು ಬೇಡ. ಅದನ್ನ ಒಂದೇ ಸಾಲಲ್ಲಿ, ನೀವು ಮನೇಲಿ ಮಾತಾಡೋ ಭಾಷೇಲೇ ಬರೀರಿ, ಪಕ್ಕದಲ್ಲಿ ತಾರೀಕು ಹಾಕಿ. ನನ್ನ ಬುಕ್ಕಲ್ಲಿ ಮೊದ್ಲು "ಕುಟುಂಬದಲ್ಲಿ ಸಮಾಧಾನ" ಅಂತಿತ್ತು, ಅದನ್ನ ಹೊಡೆದು ಹಾಕಿ "ಅಣ್ಣ ನನ್ನ ಫೋನ್ ಎತ್ಬೇಕು" ಅಂತ ಬರೆದೆ. ಬರೆಯುವಾಗ ಕೈ ನಡುಗಿತು, ಯಾಕಂದ್ರೆ ಎತ್ತದೇ ಇದ್ರೆ ಅದೂ ಗೊತ್ತಾಗುತ್ತಲ್ಲ.

ಆಮೇಲೆ ಯಾಕೆ ಕೇಳ್ತಿದೀರಿ ಅಂತ ದೇವರಿಗೆ ಕಾರಣ ಕೊಡಿ. ಆದಿಕಾಂಡ 18ರಲ್ಲಿ ಅಬ್ರಹಾಮ ದೇವರು ನಾಶ ಮಾಡೋಕೆ ಹೊರಟ ಸೊದೋಮ್ ಪಟ್ಟಣ ಉಳೀಲಿ ಅಂತ, ಅಲ್ಲಿ 50 ನೀತಿವಂತರು ಇದ್ರೆ ಅಂತ ಶುರು ಮಾಡಿ 45, 40, 30, 20 ಅಂತ ಇಳಿಸ್ಕೊಂಡು 10ಕ್ಕೆ ಬಂದು ನಿಲ್ತಾನೆ. ಚೌಕಾಸಿ ಥರ ಕಾಣುತ್ತೆ, ಆದ್ರೆ ಅವನ ವಾದ ಪೂರ್ತಿ ನಿಂತಿರೋದು "ಲೋಕಕ್ಕೆಲ್ಲಾ ನ್ಯಾಯ ತೀರಿಸೋನು ನೀನು" ಅನ್ನೋದರ ಮೇಲೆ, ಜೊತೆಗೆ ನಾನು ಧೂಳು ಬೂದಿ ಅಂತಾನೂ ಒಪ್ಕೋತಾನೆ. ಸಲಿಗೆ ಇದೆ, ಸೊಕ್ಕಿಲ್ಲ. ಕೆಲವರು ದೇವರಿಗೇ ಆರ್ಡರ್ ಹಾಕೋ ಥರ ಕೂಗಾಡೋದನ್ನ ಧೈರ್ಯ ಅಂತಾರೆ, ನನಗಂತೂ ಅದು ಸರಿ ಬರಲ್ಲ. ಇಬ್ರಿಯ 4:16 ಕೃಪಾಸನದ ಹತ್ರ, ಅಂದ್ರೆ ಕೃಪೆ ತೋರಿಸೋ ದೇವರ ಸಿಂಹಾಸನದ ಹತ್ರ, ಧೈರ್ಯವಾಗಿ ಬನ್ನಿ ಅನ್ನುತ್ತೆ ನಿಜ, ಆದ್ರೆ ಆ ಧೈರ್ಯ ನಮ್ಮ ಕಷ್ಟ ಗೊತ್ತಿರೋ ಮಹಾಯಾಜಕ, ಅಂದ್ರೆ ಯೇಸು, ಅಲ್ಲಿದಾನೆ ಅನ್ನೋದರಿಂದ ಬಂದಿದ್ದು, ನಮ್ಮ ಗಂಟಲಿಂದ ಅಲ್ಲ.

ಟೈಮು ಫಿಕ್ಸ್ ಮಾಡ್ಕೊಳ್ಳಿ, ಐದು ನಿಮಿಷ ಸಾಕು.

ಇನ್ನು ಬಿಡದೆ ಕೇಳೋದು, ಕಷ್ಟ ಇರೋದೇ ಇಲ್ಲಿ. ಎರಡನೇ ವಾರಕ್ಕೇ ಬಾಯಿ ಒಣಗುತ್ತೆ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತಿದೀನಲ್ಲ, ಮತ್ತಾಯ 6:7ರಲ್ಲಿ ಸುಮ್ನೆ ಹೇಳಿದ್ದೇ ಹೇಳ್ಬೇಡಿ ಅಂತ ಯೇಸು ಅಂದಿದಾನಲ್ಲ ಅಂತ ಡೌಟು ಬರುತ್ತೆ. ಅಲ್ಲಿ ಬೇಡ ಅಂದಿದ್ದು ಜಾಸ್ತಿ ಮಾತಾಡಿದ್ರೆ ಕೇಳಿಸುತ್ತೆ ಅನ್ನೋ ಲೆಕ್ಕಾಚಾರನ. ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುನೇ ಮೂರನೇ ಸಲನೂ ಅದೇ ಮಾತು ಹೇಳಿ ಪ್ರಾರ್ಥಿಸಿದ. ಏನೂ ಹೊರಡದ ದಿನ ಕೀರ್ತನೆ 13 ಜೋರಾಗಿ ಓದಿಬಿಡಿ, ಶುರುವಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳುತ್ತೆ. ಹಾಗೇ ಲೂಕ 18ರಲ್ಲಿ ಒಬ್ಬ ವಿಧವೆ ಬಿಡದೆ ಕಾಡಿ ಅನ್ಯಾಯದ ನ್ಯಾಯಾಧಿಪತಿ ಹತ್ರ ನ್ಯಾಯ ಪಡೆಯೋ ಕಥೆ ಇದೆ, ದೇವರು ಅವನ ಥರ ಅಂತ ತಿಳ್ಕೊಳ್ಬೇಡಿ, ಅಂಥವನೇ ಕೊಟ್ಟ ಮೇಲೆ ದೇವರು ಕೊಡಲ್ವಾ ಅನ್ನೋದು ಅಲ್ಲಿರೋ ಪಾಯಿಂಟು.

ಕೇಳಿದ ಮೇಲೆ ಹೋಗಿ ನೋಡಿ ಕೂಡ. ಬರಗಾಲದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯ ಮಳೆಗೆ ಪ್ರಾರ್ಥಿಸಿ ಸೇವಕನ್ನ ಸಮುದ್ರದ ಕಡೆ ಕಳಿಸ್ತಾನೆ, ಅವನು ಬಂದು ಏನೂ ಇಲ್ಲ ಅಂತಾನೆ, ಮತ್ತೆ ಹೋಗು. ಏಳನೇ ಸಲ ಅಂಗೈಯಷ್ಟು ಮೋಡ. ಮಳೆ ಕೊಡ್ತೀನಿ ಅಂತ ದೇವರು ಮೊದ್ಲೇ ಹೇಳಿದ್ದ, ಆದ್ರೂ ಇಷ್ಟು ಕೇಳ್ಬೇಕಾಯ್ತು. ನಾನೂ ತಿಂಗಳಿಗೊಂದ್ಸಲ ಅಣ್ಣನಿಗೆ ಫೋನ್ ಮಾಡ್ತಿದ್ದೆ. ಹದಿನಾಲ್ಕನೇ ತಿಂಗಳು ಎತ್ತಿದ, "ಹೂಂ, ಹೇಳು" ಅಂದ, ಅಷ್ಟೇ.

ಬೇಡ ಅನ್ನೋ ಉತ್ತರಾನೂ ಬರಬಹುದು. ಅಪೊಸ್ತಲ ಪೌಲ ಶರೀರದ ಮುಳ್ಳು, ಅಂದ್ರೆ ತನ್ನನ್ನ ಕಾಡ್ತಿದ್ದ ಒಂದು ಬಾಧೆ, ತೆಗಿ ಅಂತ ಮೂರು ಸಲ ಕೇಳಿದ, ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು, ಮುಳ್ಳು ಹೋದ ಸುದ್ದಿ ಇಲ್ಲ. ಉತ್ತರ ಬರೋ ತನಕ ಮಾತ್ರ ನೀವಾಗೇ ಬೇಡ ಅಂತ ಬರ್ಕೊಂಡು ಬುಕ್ ಮುಚ್ಚಬೇಡಿ.

ಸಾಧ್ಯ ಆದ್ರೆ ಜೊತೆಗೊಬ್ಬರನ್ನ ಸೇರಿಸ್ಕೊಳ್ಳಿ, ನಿಮ್ಮ ಆ ಒಂದು ಸಾಲನ್ನ ಅವರಿಗೂ ಕೊಡಿ. ನಂಬಿಕೆ ಸಾಲ್ದು ಅನ್ಸಿದ್ರೂ ಪರ್ವಾಗಿಲ್ಲ. ಅಪೊಸ್ತಲರ ಕೃತ್ಯ 12ರಲ್ಲಿ ಜೈಲಲ್ಲಿದ್ದ ಪೇತ್ರನಿಗೋಸ್ಕರ ಸಭೆಯವರೆಲ್ಲಾ ಸೇರಿ ಪ್ರಾರ್ಥನೆ ಮಾಡ್ತಿರುವಾಗಲೇ ಪೇತ್ರ ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದ, ಕೆಲಸದ ಹುಡುಗಿ ರೋದೆ ಓಡಿ ಹೋಗಿ ಹೇಳಿದ್ರೆ ಒಳಗಿದ್ದವರು ನಿನಗೆ ಹುಚ್ಚು ಅಂದ್ರು, ಅವನು ಪಾಪ ಹೊರಗೆ ತಟ್ತಾನೇ ಇದ್ದ.