ಯುಗಾದಿ ಚಂದ್ರನ್ನ ಯಾವಾಗ, ಎಲ್ಲಿಂದ, ಹೆಂಗೆ ನೋಡ್ಬೇಕು

ಕ್ಯಾಲೆಂಡರ್‌ನಾಗೆ ಯುಗಾದಿ ಅಂತ ಹಾಕಿರೋ ದಿನ ಹೋಳಿಗೆ ಉಂಡು ಮಲಗಿಬಿಟ್ರೆ ನಮ್ಮ ದಾವಣಗೆರೆ ಕಡೆ ಹಬ್ಬ ಅರ್ಧಾನೇ ಆದಂಗೆ, ಮಾರನೇ ದಿನ ಸಂಜೆ ಚಂದ್ರನ್ನ ನೋಡಿ ಹಿರಿಯರ ಕಾಲಿಗೆ ನಮಸ್ಕಾರ ಮಾಡಿದ ಮೇಲೇನೇ ಹೊಸ ವರ್ಷ. ವಾಟ್ಸಾಪ್ ಸ್ಟೇಟಸ್‌ನಾಗೆ ಯಾರೋ ಹಾಕಿದ ಫೋಟೋ ನೋಡಿ ಸುಮ್ನಾಗಬ್ಯಾಡ್ರಿ, ಮಾಳಿಗೆ ಹತ್ತಿ ನೀವೇ ನೋಡ್ರಿ.

ಮೊದ್ಲು ದಿನದ ಲೆಕ್ಕ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಹನ್ನೆರಡು ತಿಂಗಳಿಗೆ 354, ಅಂದ್ರೆ ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ, ಅದಕ್ಕೇ 2024ರಾಗೆ ಏಪ್ರಿಲ್ 9ಕ್ಕಿದ್ದ ಯುಗಾದಿ 2025ಕ್ಕೆ ಮಾರ್ಚ್ 30, 2026ಕ್ಕೆ ಮಾರ್ಚ್ 19 ಅಂತ ಹಿಂದೆ ಸರಿದಿದ್ದು. ಹಿಂಗೇ ಬಿಟ್ರೆ ಹಬ್ಬ ಚಳಿಗಾಲಕ್ಕೆ ಹೋಗಿಬಿಡ್ತತಿ, ಆಗ ಬೇವಿನ ಹೂ ಎಲ್ಲಿಂದ ತರೋದು? ಹಂಗಾಗಿ ಎರಡೂಮುಕ್ಕಾಲು ವರ್ಷಕ್ಕೊಂದ್ಸಲ ಅಧಿಕ ಮಾಸ ಸೇರಿಸ್ತಾರೆ. 2026ಕ್ಕೆ ಅಧಿಕ ಜ್ಯೇಷ್ಠ, ಅದಕ್ಕೆ 2027ರ ಯುಗಾದಿ ಮತ್ತೆ ಮುಂದಕ್ಕೆ ಹಾರಿ ಏಪ್ರಿಲ್ 7ಕ್ಕೆ.

ಪಾಡ್ಯದ ಸಂಜೇನೇ ಯಾಕೆ ಕಾಣಲ್ಲ ಅಂತ ಕೇಳ್ತಾರೆ. 2027ರದ್ದೇ ತಗೊಳ್ರಿ, 7ರ ಬೆಳಗಿನ ಜಾವ ಅಮಾವಾಸ್ಯೆ ಮುಗಿತತಿ, ಸಂಜೆಗೆ ಚಂದ್ರ ಹುಟ್ಟಿ ಬರೀ 13 ತಾಸು, ಸೂರ್ಯನ ಪಕ್ಕದಾಗೇ ಇರ್ತಾನೆ, ಬೆಳಕಿನಾಗೆ ಮುಚ್ಚಿಹೋಗ್ತಾನೆ. 8ರ ಸಂಜೆ ಬಿದಿಗೆಗೆ 37 ತಾಸು, ಆರಾಮಾಗಿ ಕಾಣ್ತಾನೆ.

ಜಾಗ ಮುಖ್ಯ. ಪಶ್ಚಿಮ ದಿಕ್ಕು ಬಯಲಿರಬೇಕು. ದಾವಣಗೆರೆಯಾಗೆ ಕುಂದುವಾಡ ಕೆರೆ ಏರಿ ಒಳ್ಳೇದು, ಇಲ್ಲಾಂದ್ರೆ ಊರ ಹೊರಗೆ ಗದ್ದೆ ಬಯಲು. ಚಿತ್ರದುರ್ಗದಾಗೆ ಕೋಟೆ ಬುಡದಾಗೆ ಮನೆ ಇರೋರಿಗೆ ಗುಡ್ಡ ಅಡ್ಡ ಬಂದು ಚಂದ್ರ ಬೇಗ ಮರೆಯಾಗ್ತಾನೆ, ಸ್ವಲ್ಪ ದೂರ ಬಯಲಿಗೆ ಬರ್ರಿ.

ಆರೂವರೆ ದಾಟಿದ ಮೇಲೆ ಸೂರ್ಯ ಮುಳುಗ್ತಾನೆ, ಇಪ್ಪತ್ತು ನಿಮಿಷ ಬಿಟ್ಟು ಮುಳುಗಿದ ಜಾಗದ ಮೇಲ್ಗಡೆ ಹುಡುಕ್ರಿ. ಬೈನಾಕ್ಯುಲರ್ ಇದ್ರೆ ಸೂರ್ಯ ಪೂರ್ತಿ ಮುಳುಗೋ ತನಕ ಕಣ್ಣಿಗೆ ಹಿಡಿಬ್ಯಾಡ್ರಿ, ಮಕ್ಕಳ ಕೈಗಂತೂ ಕೊಡಲೇಬ್ಯಾಡ್ರಿ. ಈ ಕಾಲದಾಗೆ ಚಂದ್ರ ಎರಡೂ ಕೋಡು ಮೇಲಕ್ಕೆ ಮಾಡಿ ಅಂಗಾತ ಮಲಗಿದಂಗೆ ಇರ್ತಾನೆ, ಉಗುರಿನಷ್ಟು ಗೆರೆ, ಕತ್ತಲಾದಂಗೆ ಉಳಿದ ದುಂಡು ಭಾಗಾನೂ ಬೂದಿ ಬಣ್ಣದಾಗೆ ಮಸುಕಾಗಿ ಕಾಣ್ತತಿ, ಅದು ನಮ್ಮ ಭೂಮಿಗೆ ಬಿದ್ದ ಬಿಸಿಲು ಅಲ್ಲಿಗೆ ಹೋಗಿ ಬಿದ್ದಿದ್ದು. ಎಷ್ಟು ಚಂದ ಅಂದ್ರೆ ಅದನ್ನ ನೋಡೋಕಾದ್ರೂ ಹತ್ತು ನಿಮಿಷ ಜಾಸ್ತಿ ನಿಲ್ರಿ. ಯಾವ ಕೋಡು ಮೇಲೈತಿ ಅಂತ ನೋಡಿ ಹಿರಿಯರು ಮಳೆ-ಬೆಳೆ ಹೇಳ್ತಾರೆ, ಆ ವಾಲಿಕೆ ಚಂದ್ರ ಸೂರ್ಯನಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಅನ್ನೋದ್ರ ಮೇಲೆ ಹೋಗ್ತತಿ, ಮಳೆಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೂ ಅಜ್ಜನ ಪಕ್ಕ ನಿಂತು ಕೇಳ್ರಿ, ಹೊಲದ ವಿಚಾರ ಬಾಳ ಗೊತ್ತಾಗ್ತತಿ.

ನೋಡಿದ ಮೇಲೆ ಕೈಮುಗಿದು ಬೇವು-ಬೆಲ್ಲ ಹಂಚ್ರಿ. ಪುಟಾಣಿ, ಒಣಕೊಬ್ಬರಿ, ಗಸಗಸೆ, ಬೆಲ್ಲದ ಪುಡಿ, ಬೇವಿನ ಹೂ, ಹೂವನ್ನ ಕಡ್ಡಿಯಿಂದ ಬಿಡಿಸಿ ಹಾಕ್ರಿ, ಇಲ್ಲಾಂದ್ರೆ ಬಾಯಿಗೆ ಚುಚ್ಚತತಿ. ಆಮೇಲೆ ಓಣಿಯಾಗಿನ ಹಿರಿಯರ ಮನೆಗೆಲ್ಲ ಹೋಗಿ ನಮಸ್ಕಾರ ಮಾಡ್ರಿ.

ಮೋಡ ಮುಚ್ಚಿದ್ರೆ ತದಿಗೆ ಸಂಜೆ ನೋಡ್ರಿ, ಅವತ್ತು ಇನ್ನೂ ಮೇಲೆ, ಇನ್ನೂ ದಪ್ಪ, ಮುಳುಗೋದೂ ಮುಕ್ಕಾಲು ತಾಸಿನಷ್ಟು ತಡ.